ಒಪ್ಪಿಗೆಯಿಲ್ಲದ ಅಮಾನತು

2012ರ ನವೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಜನ ತಮ್ಮ ನೆಲದ ಬಗ್ಗೆ ತಮಗೇ ಗೊತ್ತಿಲ್ಲದ ಒಂದು ಸಂಗತಿಯನ್ನು ಪತ್ರಿಕೆಗಳಲ್ಲಿ ಓದಿದರು. ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ವಿರುದ್ಧದ ಮೊಕದ್ದಮೆ ಆಗ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿತ್ತು. ಸ್ಥಾವರದಿಂದ ಹೊರಬರುವ ಬಳಸಿದ ಇಂಧನವನ್ನು, ಅದರ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆ ಬಂದಾಗ, ಸರ್ಕಾರದ ಕಡೆಯಿಂದ ಬಂದ ಉತ್ತರದಲ್ಲಿ ಕೋಲಾರದ ಮುಚ್ಚಿದ ಚಿನ್ನದ ಗಣಿಯ ಹೆಸರಿತ್ತು. ಕೆಜಿಎಫ್‌ನಲ್ಲಿ, ಕೋಲಾರದಲ್ಲಿ ಜನ ಬೀದಿಗಿಳಿದರು. ಪಕ್ಷಭೇದವಿಲ್ಲದೆ ರಾಜಕಾರಣಿಗಳು ವಿರೋಧಿಸಿದರು. ರಾಜ್ಯ ಸರ್ಕಾರವೂ ಇದಕ್ಕೆ ಒಪ್ಪುವುದಿಲ್ಲ ಎಂದಿತು. ಕೆಲವೇ ದಿನಗಳಲ್ಲಿ, ಕೋಲಾರದಲ್ಲಿ ಅಣು ತ್ಯಾಜ್ಯ ಇಡುವ ಯಾವ ಯೋಜನೆಯೂ ಇಲ್ಲ ಎಂದು ಅಣುಶಕ್ತಿ ಇಲಾಖೆಯ ಕಡೆಯಿಂದ ಸ್ಪಷ್ಟನೆ ಬಂತು. ಪ್ರತಿಭಟನೆ ಮುಗಿಯಿತು. ಜನ ತಮ್ಮ ಟೊಮೆಟೊ, ರೇಷ್ಮೆ, ಹಾಲಿನ ಡೈರಿಯ ಕೆಲಸಕ್ಕೆ ಮರಳಿದರು.

ಸುದ್ದಿಯಾಗಿ ಅದು ಅಲ್ಲಿಗೆ ಮುಗಿದಿರಬಹುದು. ಆದರೆ ಆ ಕೆಲವು ದಿನಗಳಲ್ಲಿ ಎದ್ದ ನೈತಿಕ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಎಲ್ಲರೂ ಅನುಭವಿಸಿದ ಸುಖದ ಕಸವನ್ನು ಯಾರು ಹೊರಬೇಕು? ಅದನ್ನು ತೀರ್ಮಾನಿಸುವ ಹಕ್ಕು ಯಾರಿಗಿದೆ? ಬೇಡ ಎನ್ನುವವರಿಗೆ ಬೇಡ ಎಂದಷ್ಟೇ ಹೇಳಿ ಸುಮ್ಮನಾಗುವ ಹಕ್ಕು ಇದೆಯೇ?

ಮೊದಲು ಆ ಗಣಿಯ ಮಾತು. ದೂರದಿಂದ ನೋಡುವವರಿಗೆ ಅದೊಂದು ಖಾಲಿ ಗುಂಡಿ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, ಗಟ್ಟಿ ಬಂಡೆ, ಒಳಗೆ ಕೆಲಸವಿಲ್ಲ, ಮೇಲೆ ಮಾಲೀಕನಿಲ್ಲ. ಕಸ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅದು ತಾನಾಗಿ ಆದ ಗುಂಡಿಯಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ, ನೂರಿಪ್ಪತ್ತು ವರ್ಷ ಮನುಷ್ಯರು ಕೈಯಿಂದ ಕೊರೆದ ಗುಂಡಿ ಅದು. ಕೊರೆದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್ ಎನ್ನುತ್ತಾರೆ. ಅದರಲ್ಲಿ ಬಹುಪಾಲು ಲಂಡನ್ನಿಗೆ ಹೋಯಿತು. ಗಣಿ ಕಾರ್ಮಿಕರಿಗೆ ಉಳಿದದ್ದು ಎದೆಯಲ್ಲಿ ಕಲ್ಲಿನ ಧೂಳು, ಊರ ನಡುವೆ ಸೈನೈಡ್ ದಿಬ್ಬಗಳು.

ಆ ದಿಬ್ಬಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅದಿರನ್ನು ಪುಡಿ ಮಾಡಿ, ಸೈನೈಡ್ ಬೆರೆಸಿ ಚಿನ್ನ ತೆಗೆದ ಮೇಲೆ ಉಳಿಯುವ ಬೂದುಬಣ್ಣದ ಮಣ್ಣನ್ನು ಹೊರಗೆ ಸುರಿದರು. ಹೀಗೆ ಸುರಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚು. ಆಷಾಢದ ಗಾಳಿ ಬೀಸಿದರೆ ಆ ಧೂಳು ಮನೆಯ ಅನ್ನದ ತಟ್ಟೆಯವರೆಗೆ ಬರುತ್ತದೆ. ಚಿನ್ನ ತೆಗೆದವರು ಹೊರಟು ಎಷ್ಟೋ ವರ್ಷಗಳಾದವು, ಅವರ ಕಸ ಮಾತ್ರ ಅಲ್ಲೇ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಾಗ ನೆನಪಾದದ್ದು ಇದೇ. ಇಷ್ಟು ವರ್ಷ ಆ ದಿಬ್ಬಗಳನ್ನು ಸರ್ಕಾರ ಹುಡುಕಿಕೊಂಡು ಬಂದಿರಲಿಲ್ಲ. ಅದರಲ್ಲಿ ಇನ್ನೂ ಚಿನ್ನವಿದೆ ಎಂದು ಗೊತ್ತಾದ ಮೇಲೆ ಬಂತು.

ವಿದ್ಯುತ್ತಿನ ಕಥೆಯೂ ಹೀಗೆಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ಓಡಿಬಂದು ಕೆಜಿಎಫ್ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ತಂತಿ ಹಾದುಹೋದ ಹಳ್ಳಿಗಳ ಗುಡಿಸಲಲ್ಲಿ ಸೀಮೆಎಣ್ಣೆಯ ಬುಡ್ಡಿ ದಶಕಗಳ ಕಾಲ ಉರಿಯುತ್ತಲೇ ಇತ್ತು. ತಂತಿ ಯಾರ ಹೊಲದ ಮೇಲೆ ಹೋಗುತ್ತದೆ, ದೀಪ ಯಾರ ಮನೆಯಲ್ಲಿ ಉರಿಯುತ್ತದೆ ಎಂಬುದು ಆಗಲೂ ಬೇರೆ ಬೇರೆಯಾಗಿಯೇ ಇತ್ತು.

ಇಂಥ ಚರಿತ್ರೆಯಿರುವ ಜಾಗಕ್ಕೆ ಇನ್ನೊಂದು ಕಸ ತರುತ್ತೇವೆ ಎಂದರೆ ಜನ ಸಿಟ್ಟಾಗುವುದು ಅಜ್ಞಾನದಿಂದಲ್ಲ, ಅನುಭವದಿಂದ. 'ವಿಜ್ಞಾನ ಗೊತ್ತಿಲ್ಲದವರ ಭಯ' ಎಂದು ಆಗ ಕೆಲವರು ಹಗುರವಾಗಿ ಮಾತಾಡಿದ್ದುಂಟು. ವಿಜ್ಞಾನಕ್ಕೆ ಆ ಗಣಿ ಹೊಸದಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಂಗಾತಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಗುರುತಿಸಿದ್ದು ಅದೇ ಗಣಿಯ ಆಳದಲ್ಲಿ. 1980ರ ದಶಕದಲ್ಲಿ ಅಲ್ಲಿನ ಬಂಡೆಯೊಳಗೆ ಹೀಟರುಗಳನ್ನಿಟ್ಟು, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ಅಣುಶಕ್ತಿ ಇಲಾಖೆಯವರು ಪರೀಕ್ಷೆಯನ್ನೂ ಮಾಡಿದ್ದರು. ಅದರಲ್ಲಿ ವಿಕಿರಣ ವಸ್ತು ಇರಲಿಲ್ಲ, ಬಿಸಿ ಮಾತ್ರ. ಆದರೆ ತ್ಯಾಜ್ಯ ಇಡುವ ಯೋಚನೆಗೆ ಅದು ಸಂಬಂಧಪಟ್ಟ ಪರೀಕ್ಷೆಯೇ. ಇಂಥದ್ದು ನಡೆಯಿತೆಂದು ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

ಇನ್ನು ಗಣಿ ಕಾರ್ಮಿಕರಿಗೆ ಗೊತ್ತಿದ್ದ ವಿಜ್ಞಾನವೂ ಒಂದಿತ್ತು. ಅವರು ರಾಕ್‌ಬರ್ಸ್ಟ್ ಎನ್ನುತ್ತಿದ್ದರು. ಆಳದ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು. ಮೇಲಿನ ಊರಿನಲ್ಲಿ ಮನೆಯ ಪಾತ್ರೆಗಳು ಅದುರುತ್ತಿದ್ದವು. ಕೆಳಗೆ ಇದ್ದವರಲ್ಲಿ ಎಷ್ಟೋ ಜನ ಮೇಲೆ ಬರಲಿಲ್ಲ. ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಅಣು ತ್ಯಾಜ್ಯದ ಉಗ್ರಾಣಕ್ಕೆ ಬೇಕಾದದ್ದು ಅಲುಗದ ಬಂಡೆ, ನೀರು ಸುಳಿಯದ ಜಾಗ. ನೂರಾರು ಕಿಲೋಮೀಟರ್ ಸುರಂಗ ಕೊರೆದು, ಸಿಡಿದು, ನೀರು ತುಂಬಿದ ಗಣಿ ಆ ಲಕ್ಷಣಕ್ಕೆ ಹೊಂದುವುದಿಲ್ಲ ಎಂದು ಹೇಳಲು ಪದವಿ ಬೇಕಾಗಿಲ್ಲ.

ಆದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ವೇಳೆ ಬಂಡೆ ಗಟ್ಟಿಯಾಗಿದ್ದರೆ? ನೀರೇ ಇಲ್ಲದಿದ್ದರೆ? ಆಗ ನಮ್ಮ ವಿರೋಧ ಸರಿಯಾಗುತ್ತಿತ್ತೇ?

ನಮ್ಮ ಯಲ್ದೂರು ಇರುವುದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮಾವಿನ ತೋಪುಗಳ ನಡುವೆ. ಆ ದಿನಗಳಲ್ಲಿ ಟೀ ಅಂಗಡಿಯಲ್ಲಿ ತೋಪಿನ ಹಿರಿಯರೊಬ್ಬರು, "ಏನ್ ಸಾಬ್ರೇ, ಆ ಕಸ ಬಂತು ಅಂತ ಸುದ್ದಿಯಾದ್ರೆ ಸಾಕು, ನಮ್ ಕಾಯಿ ಯಾವನ್ ತಗೋತಾನೆ?" ಎಂದರು. ಪಕ್ಕದಲ್ಲಿದ್ದ ಹುಡುಗ ನಕ್ಕು, "ಕರೆಂಟು ಬೇಕು, ಕಸ ಬೇಡ ಅಂದ್ರೆ ಹೆಂಗಣ್ಣ?" ಎಂದ. ಹಿರಿಯರು ಅವನನ್ನು ಗದರಿದರು. ಹುಡುಗ ಸುಮ್ಮನಾದ. ಆದರೆ ಅವನ ಮಾತಿಗೆ ಅಲ್ಲಿ ಯಾರೂ ಉತ್ತರ ಹೇಳಲಿಲ್ಲ ಎಂಬುದು ನಿಜ.

ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ. ಕೂಡಂಕುಳಂ ಸ್ಥಾವರದ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಕೈಗಾದ ನಾಲ್ಕು ಘಟಕಗಳು ನಮ್ಮ ರಾಜ್ಯದಲ್ಲೇ ಇವೆ. ಶಿವರಾಮ ಕಾರಂತರು ಆ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಆಗ ನಾವೆಲ್ಲ ಅವರ ಹಿಂದೆ ನಿಂತೆವೇ? ಸಾವಿರಕ್ಕಿಂತ ಹೆಚ್ಚು ಅಡಿಯ ಬೋರ್‌ವೆಲ್‌ಗಳಿಂದ ನೀರೆತ್ತುವ ನಮ್ಮ ಜಿಲ್ಲೆಯ ಮೋಟಾರುಗಳಿಗೆ ಬರುವ ಕರೆಂಟಿನಲ್ಲಿ ಇಷ್ಟು ನೀರಿನದು, ಇಷ್ಟು ಕಲ್ಲಿದ್ದಲಿನದು, ಇಷ್ಟು ಅಣುವಿನದು ಎಂದು ಬೇರ್ಪಡಿಸಲು ಆಗುವುದಿಲ್ಲ. ಬೆಳಕನ್ನು ಹಂಚಿಕೊಂಡವರು ಕಸ ಬಂದಾಗ ಮಾತ್ರ 'ನಮ್ಮ ಹಿತ್ತಲಲ್ಲಿ ಬೇಡ' ಎನ್ನುವುದು ಸ್ವಾರ್ಥವಾಗುತ್ತದೆ.

ಹಿತ್ತಲಿನ ಮಾತು ಬಂದಾಗ ಇನ್ನೊಬ್ಬರ ಹಿತ್ತಲನ್ನೂ ನೋಡಬೇಕು. ಕೋಲಾರ ಬೇಡ ಎಂದ ಮೇಲೆ ಕೂಡಂಕುಳಂನ ಬಳಸಿದ ಇಂಧನ ಎಲ್ಲಿಗೂ ಹೋಗಲಿಲ್ಲ. ಅದು ಕೂಡಂಕುಳಂನಲ್ಲೇ ಉಳಿಯಿತು. ಪಕ್ಕದ ಇಡಿಂತಕರೈನ ಮೀನುಗಾರರು ಆ ವರ್ಷ ಸಮುದ್ರದ ನೀರಿಗಿಳಿದು ನಿಂತು ಪ್ರತಿಭಟಿಸಿದ್ದರು. ಸಾವಿರಾರು ಜನರ ಮೇಲೆ ರಾಜದ್ರೋಹದ ಪ್ರಕರಣಗಳು ದಾಖಲಾಗಿದ್ದವು. ನಮ್ಮ ವಿರೋಧಕ್ಕೆ ಕೆಲವೇ ದಿನಗಳಲ್ಲಿ ಸ್ಪಷ್ಟನೆ ಸಿಕ್ಕಿತು. ಅವರ ವಿರೋಧಕ್ಕೆ ಸಿಕ್ಕಿದ್ದು ಪೊಲೀಸರು. 2013ರ ಮೇ 6ರಂದು ಬಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಥಾವರಕ್ಕೆ ಒಪ್ಪಿಗೆ ಕೊಟ್ಟಿತು. ಜೊತೆಗೆ, ಅಲ್ಲಿನ ಜನರ ಆತಂಕ ನೀಗಲು ಬಳಸಿದ ಇಂಧನಕ್ಕೆ ಆಳದ ಭೂಗರ್ಭದಲ್ಲಿ ಶಾಶ್ವತ ಉಗ್ರಾಣವನ್ನು ಆದಷ್ಟು ಬೇಗ ಮಾಡಬೇಕೆಂದೂ ಹೇಳಿತು. ಅಂಥ ಉಗ್ರಾಣ ಭಾರತದಲ್ಲಿ ಎಲ್ಲಿಯೂ ಆಗಿಲ್ಲ. ಸ್ಥಾವರದ ಆವರಣದಲ್ಲೇ ತಾತ್ಕಾಲಿಕ ಸಂಗ್ರಹಾಗಾರ ಕಟ್ಟಲು ಕೋರ್ಟು 2018ರಲ್ಲಿ ಮತ್ತೆ ಕಾಲಾವಕಾಶ ಕೊಟ್ಟಿತು. ಅದರ ಬಗ್ಗೆ 2019ರ ಜುಲೈನಲ್ಲಿ ನಡೆಯಬೇಕಿದ್ದ ಸಾರ್ವಜನಿಕ ಅಹವಾಲು ಸಭೆ ಜನರ ವಿರೋಧದಿಂದ ಮುಂದಕ್ಕೆ ಹೋಯಿತು. ಆ ಸುದ್ದಿ ಕೋಲಾರದಲ್ಲಿ ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ.

ಇಲಾಖೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು. ಭಾರತ ಬಳಸಿದ ಇಂಧನವನ್ನು ಕಸ ಎಂದು ಎಸೆಯುವುದಿಲ್ಲ, ಸಂಸ್ಕರಿಸಿ ಅದರಿಂದ ಪ್ಲುಟೋನಿಯಂ, ಯುರೇನಿಯಂ ತೆಗೆದುಕೊಳ್ಳುತ್ತದೆ. ಉಳಿಯುವ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನೊಳಗೆ ಬೆರೆಸಿ ಉಕ್ಕಿನ ಪಾತ್ರೆಯಲ್ಲಿಟ್ಟು ಕಾಯುತ್ತದೆ. ಅದರ ಪ್ರಮಾಣ ಕಡಿಮೆ, ಆದ್ದರಿಂದ ಶಾಶ್ವತ ಉಗ್ರಾಣಕ್ಕೆ ಈಗಲೇ ಅವಸರವಿಲ್ಲ ಎನ್ನುತ್ತಾರೆ. ಕಲ್ಲಿದ್ದಲಿನ ಬೂದಿ, ಹೊಗೆಯೂ ಜನರನ್ನು ಕೊಲ್ಲುತ್ತದೆ ಎನ್ನುವುದೂ ಸುಳ್ಳಲ್ಲ. ಆದರೆ ಅವಸರವಿಲ್ಲ ಎನ್ನುವ ಮಾತಿನ ಅರ್ಥ, ತೀರ್ಮಾನವನ್ನು ಮುಂದಿನವರಿಗೆ ಬಿಟ್ಟಿದ್ದೇವೆ ಎಂದು. 2025ರ ಬಜೆಟ್ಟಿನಲ್ಲಿ 2047ರ ಹೊತ್ತಿಗೆ 100 ಗಿಗಾವಾಟ್ ಅಣು ವಿದ್ಯುತ್ತಿನ ಗುರಿ ಘೋಷಣೆಯಾಯಿತು. ಆಗಿನ ಸಾಮರ್ಥ್ಯದ ಹತ್ತು ಪಟ್ಟಿಗೂ ಹೆಚ್ಚು. ಅಷ್ಟು ಒಲೆ ಹಚ್ಚುವವರು ಬೂದಿಯ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಬೇಕು.

ನಾನು ಉರ್ದುವಿನಲ್ಲೂ ಕನ್ನಡದಲ್ಲೂ ಓದಿದವನು. ಎರಡೂ ಭಾಷೆಗಳಲ್ಲಿರುವ ಒಂದು ಪದ ಈ ವಿಷಯದಲ್ಲಿ ನನಗೆ ದಾರಿ ತೋರಿಸಿದೆ. ಕನ್ನಡದ ಕಚೇರಿಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವುದು, ತೀರ್ಮಾನವನ್ನು ತೂಗುಹಾಕುವುದು. ಉರ್ದುವಿನಲ್ಲಿ, ನಮ್ಮ ಮನೆಗಳಲ್ಲಿ 'ಅಮಾನತ್' ಎಂದರೆ ನಂಬಿ ಇಟ್ಟ ವಸ್ತು. ಹಜ್‌ಗೆ ಹೊರಟವರು ನೆರೆಮನೆಯಲ್ಲಿ ಒಡವೆಯ ಗಂಟು ಇಟ್ಟುಹೋಗುತ್ತಿದ್ದರು. ಅದಕ್ಕೆ ಬರೆಯದ ಕಟ್ಟಳೆಗಳಿದ್ದವು. ಗಂಟಿನಲ್ಲಿ ಏನಿದೆ ಎಂದು ಹೇಳಿಯೇ ಕೊಡಬೇಕು. ಇಟ್ಟುಕೊಳ್ಳುವವರು ಒಪ್ಪಬೇಕು, ಒಪ್ಪದಿದ್ದರೆ ಬೇಸರ ಪಡಬಾರದು. ಇಟ್ಟವರು ಮರಳಿ ಬಂದು ತೆಗೆದುಕೊಳ್ಳಬೇಕು. ಇಟ್ಟುಕೊಂಡವರಿಗೆ ಕಷ್ಟವಾದರೆ ಹಿಂದಕ್ಕೆ ಕೊಡುವ ಸ್ವಾತಂತ್ರ್ಯ ಇರಬೇಕು. ಧರ್ಮಶಾಸ್ತ್ರದ ಪಂಡಿತರು ಇದನ್ನು ಇನ್ನೂ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಆದರೆ ಓದು ಬರಹ ಬಾರದ ಅಜ್ಜಿಯರಿಗೂ ಇಷ್ಟು ತಿಳಿದಿತ್ತು. ನಮ್ಮ ಹಳ್ಳಿಗಳ ಹಿಂದೂ ಮನೆಗಳಲ್ಲೂ ಇಡುಗಂಟಿನ ನೀತಿ ಇದಕ್ಕಿಂತ ಬೇರೆಯಲ್ಲ.

ಈ ಕಟ್ಟಳೆಯಲ್ಲಿ 2012ರ ಘಟನೆಯನ್ನು ಇಟ್ಟು ನೋಡಿ. ಗಂಟಿನಲ್ಲಿ ಏನಿದೆ ಎಂದು ನಮಗೆ ಹೇಳಿರಲಿಲ್ಲ. ನಮ್ಮನ್ನು ಕೇಳಿರಲಿಲ್ಲ. ದೆಹಲಿಯ ನ್ಯಾಯಾಲಯದಲ್ಲಿ ಯಾರೋ ನಮ್ಮ ಮನೆಯ ವಿಳಾಸ ಕೊಟ್ಟಿದ್ದರು. ಒಪ್ಪಿಗೆ ಇಲ್ಲದಿದ್ದರೆ ಅದು ಅಮಾನತ್ ಅಲ್ಲ, ಹೊರೆ. ಬಂಡೆ ಎಷ್ಟೇ ಗಟ್ಟಿಯಾಗಿರಲಿ, ಕೇಳದೆ ಇಡುವುದು ತಪ್ಪು. ನಮ್ಮ ವಿರೋಧ ಸರಿಯಾಗಿದ್ದದ್ದು ಮಾವಿನ ಬೆಲೆಯ ಕಾರಣಕ್ಕಲ್ಲ, ಈ ಕಾರಣಕ್ಕೆ.

ಕೇಳಿ ಮಾಡುವುದು ಸಾಧ್ಯವೇ? ಸಾಧ್ಯ ಎಂದು ಫಿನ್‌ಲೆಂಡ್ ತೋರಿಸಿದೆ. ಅಲ್ಲಿನ ಕಾನೂನಿನಲ್ಲಿ ಸ್ಥಳೀಯ ಪುರಸಭೆ ಬೇಡ ಎಂದರೆ ಯೋಜನೆ ಅಲ್ಲಿಗೇ ನಿಲ್ಲಬೇಕು. ಯುರಾಯೊಕಿ ಎಂಬ ಊರಿನ ಪುರಸಭೆ 2000ದಲ್ಲಿ ಮತ ಹಾಕಿ ಒಪ್ಪಿತು. 2001ರಲ್ಲಿ ಸಂಸತ್ತು ಅನುಮೋದಿಸಿತು. ನೆಲದಿಂದ ನಾನೂರು ಮೀಟರಿಗೂ ಆಳದಲ್ಲಿ ಓಂಕಾಲೊ ಎಂಬ ಉಗ್ರಾಣ ಸಿದ್ಧವಾಯಿತು. ಆ ಊರಿನಲ್ಲೇ ಅಣು ಸ್ಥಾವರವಿದೆ. ಅದರ ಕೆಲಸ, ತೆರಿಗೆಯ ಲಾಭ ಪಡೆದವರೇ ಅದರ ಕಸವನ್ನೂ ಇಟ್ಟುಕೊಳ್ಳಲು ಒಪ್ಪಿದರು. ಅಮೆರಿಕದಲ್ಲಿ ನಡೆದದ್ದು ಇದರ ತಿರುವು. ನೆವಾಡಾ ರಾಜ್ಯದಲ್ಲಿ ಒಂದೂ ಅಣು ವಿದ್ಯುತ್ ಸ್ಥಾವರವಿಲ್ಲ. ಆದರೂ 1987ರಲ್ಲಿ ಅಲ್ಲಿನ ಸಂಸತ್ತು ಇಡೀ ದೇಶದ ತ್ಯಾಜ್ಯಕ್ಕೆ ನೆವಾಡಾದ ಯಕ್ಕಾ ಬೆಟ್ಟ ಒಂದನ್ನೇ ಆರಿಸಿತು. ಆ ನೆಲ ತಮ್ಮದೆಂದು ಹೇಳುವ ಮೂಲನಿವಾಸಿಗಳ ಮಾತನ್ನು ಕೇಳಲಿಲ್ಲ. 2002ರಲ್ಲಿ ರಾಜ್ಯದ ಗವರ್ನರ್ ಬೇಡ ಎಂದದ್ದನ್ನೂ ತಳ್ಳಿಹಾಕಿತು. ಅಷ್ಟೆಲ್ಲ ಬಲ ಹಾಕಿದರೂ ಕೆಲಸ ಮುಗಿಯಲಿಲ್ಲ, ಕೆಲವೇ ವರ್ಷಗಳಲ್ಲಿ ಯೋಜನೆಗೆ ಹಣ ನಿಂತಿತು.

ಆದರೆ ಒಪ್ಪಿಗೆ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ನಮ್ಮ ಜಿಲ್ಲೆಗೆ ಇದರ ಅನುಭವವಿದೆ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಿದರು. ಮೊದಲ ಕೆರೆಗಳಲ್ಲೇ ನೊರೆ ಕಂಡಿತು, ಹೈಕೋರ್ಟು ಕೆಲಕಾಲ ತಡೆ ಹಾಕಿತು, ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಹೋರಾಟಗಾರರು ಕೇಳುತ್ತಲೇ ಬಂದರು. ಅದೇ ಹೊತ್ತಿಗೆ, ಎಷ್ಟೋ ವರ್ಷ ಒಣಗಿದ್ದ ಕೆರೆ ತುಂಬಿದ್ದು ಕಂಡು ಸಂತೋಷಪಟ್ಟ ರೈತರೂ ಇದ್ದರು. ಅವರನ್ನು ದೂರುವುದು ಸುಲಭವಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯವರು ಬಂದ ನೀರಿಗೆ ಬೇಡ ಎನ್ನುವುದು ಹೇಗೆ? ಬಾಯಾರಿದವನ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆ ಎನ್ನಲು ಆಗದು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಅಂಥ ಊರಿಗೆ ಒಂದು ಕೈಯಲ್ಲಿ ಕೆಲಸದ ಆಸೆ, ಇನ್ನೊಂದು ಕೈಯಲ್ಲಿ ವಿಷದ ಪಾತ್ರೆ ಹಿಡಿದು ಬಂದು ಸಹಿ ಹಾಕಿ ಎಂದರೆ, ಆ ಸಹಿಗೆ ಕಾನೂನಿನ ಬೆಲೆ ಇರಬಹುದು, ನೀತಿಯ ಬೆಲೆ ಇರುವುದಿಲ್ಲ. ಬೇಡ ಎಂದರೂ ಬದುಕು ನಡೆಯುತ್ತದೆ ಎಂಬ ಸ್ಥಿತಿಯಲ್ಲಿ ಇದ್ದವರ ಹೌದಿಗೆ ಮಾತ್ರ ಅರ್ಥವಿದೆ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೂ ಹುಟ್ಟದವರದು. ತ್ಯಾಜ್ಯದಲ್ಲಿರುವ ಸೀಸಿಯಂ, ಸ್ಟ್ರಾನ್ಷಿಯಂ ಸುಮಾರು ಮೂವತ್ತು ವರ್ಷಕ್ಕೆ ಅರ್ಧವಾಗುತ್ತವೆ, ಕೆಲವು ನೂರು ವರ್ಷ ಕಾದರೆ ಬಹುಮಟ್ಟಿಗೆ ತಣಿಯುತ್ತವೆ. ಪ್ಲುಟೋನಿಯಂ ಅರ್ಧವಾಗಲು ಇಪ್ಪತ್ತನಾಲ್ಕು ಸಾವಿರ ವರ್ಷ ಬೇಕು. ಕನ್ನಡದ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿಯದಕ್ಕೆ ಇನ್ನೂ ಸಾವಿರದ ಆರುನೂರು ವರ್ಷ ತುಂಬಿಲ್ಲ, ಅದನ್ನು ಓದಲು ಈಗಲೇ ವಿದ್ವಾಂಸರು ಬೇಕು. 'ಇಲ್ಲಿ ಅಗೆಯಬೇಡಿ' ಎಂದು ಆ ಉಗ್ರಾಣದ ಬಾಗಿಲ ಮೇಲೆ ಯಾವ ಲಿಪಿಯಲ್ಲಿ ಬರೆಯುವುದು? ಅಷ್ಟು ದೂರದ ಮಕ್ಕಳು ಒಪ್ಪಲಾರರು, ನಿರಾಕರಿಸಲಾರರು, ಹಿಂದಿರುಗಿಸಲಾರರು. ಇಟ್ಟವರಂತೂ ಮರಳಿ ಬರುವುದಿಲ್ಲ. ಹಾಗಾಗಿ ಫಿನ್‌ಲೆಂಡಿನ ಮತದಾನವೂ ಈ ಪ್ರಶ್ನೆಯನ್ನು ಪೂರ್ತಿ ಬಗೆಹರಿಸಿಲ್ಲ. ಅವರ ಪರವಾಗಿ ನಾವು ಮಾಡಬಹುದಾದದ್ದು ಎರಡೇ: ಇಂಥ ಗಂಟುಗಳ ಸಂಖ್ಯೆಯನ್ನು ಆದಷ್ಟು ಕಡಿಮೆ ಮಾಡುವುದು, ಇರುವ ಗಂಟನ್ನು ನಮ್ಮ ಕೈಲಾದಷ್ಟು ಭದ್ರವಾಗಿ, ಸತ್ಯ ಹೇಳಿ ಇಡುವುದು. ಎರಡೂ ವಿದ್ಯುತ್ ಬಳಸುವ ಎಲ್ಲರ ಮೇಲೆ ಬರುವ ಕರ್ತವ್ಯಗಳು.

ಹೀಗೆ ನೋಡಿದರೆ ಬೇಡ ಎಂದವರಿಗೂ ಜವಾಬ್ದಾರಿ ಉಂಟು. ಕೋಲಾರದಲ್ಲಿ ಬೇಡ ಎಂದು ನಾವು ಗೆದ್ದೆವು. ಆ ಗೆಲುವು ನ್ಯಾಯದ್ದಾಗಬೇಕಾದರೆ ನಾವು ಕೇಳಿದ್ದನ್ನು ಎಲ್ಲರಿಗೂ ಕೇಳಬೇಕು. ಯಾವ ಊರಿನಲ್ಲಾದರೂ ಇಂಥ ಉಗ್ರಾಣದ ಯೋಚನೆ ಇದ್ದರೆ, ಪರೀಕ್ಷೆ ಶುರುವಾಗುವ ಮೊದಲೇ ಅಲ್ಲಿನ ಗ್ರಾಮಸಭೆಗೆ ಅವರ ಭಾಷೆಯಲ್ಲಿ ತಿಳಿಸಬೇಕು, ಬೇಡ ಎಂದರೆ ಅದನ್ನು ಕಡೆಯ ಮಾತೆಂದು ಒಪ್ಪಬೇಕು ಎಂಬ ಕಾನೂನಿಗೆ ನಾವು ಒತ್ತಾಯಿಸಬೇಕು. ಹೊಸ ಸ್ಥಾವರಕ್ಕೆ ಅನುಮತಿ ಕೇಳುವವರು ಅದರ ತ್ಯಾಜ್ಯ ಕೊನೆಗೆ ಎಲ್ಲಿ ಹೋಗುತ್ತದೆ ಎಂಬುದನ್ನು ಮೊದಲ ಪುಟದಲ್ಲೇ ಬರೆಯಬೇಕು ಎಂದು ಕೇಳಬೇಕು. ಕರೆಂಟು ಯಾರಿಗೆ ಹೋಗುತ್ತದೋ ಅವರ ಮೇಲೂ ಆ ಹೊರೆಯ ಪಾಲು ಬೀಳಬೇಕು ಎಂದರೆ ಬೆಂಗಳೂರಿಗೆ ಸಿಟ್ಟು ಬರಬಹುದು, ನಮಗೂ ಬರಬಹುದು. ಆದರೂ ಆ ಮಾತನ್ನು ಆಡಲೇಬೇಕು.

ಕೆಜಿಎಫ್‌ನ ಕಾರ್ಮಿಕರ ಮೊಮ್ಮಕ್ಕಳಿಗೂ ಇಡಿಂತಕರೈನ ಮೀನುಗಾರರಿಗೂ ತಾಯಿನುಡಿ ಒಂದೇ, ತಮಿಳು. 2012ರಲ್ಲಿ ಕಸ ಅಲ್ಲಿಂದ ಇಲ್ಲಿಗೆ ಬರುತ್ತದೆ ಎಂದಾಗ, ಒಬ್ಬರ ಬಿಡುಗಡೆ ಇನ್ನೊಬ್ಬರ ಬಂಧನವಾಗುವಂತೆ ಆ ಎರಡು ಊರುಗಳನ್ನು ಎದುರುಬದುರು ನಿಲ್ಲಿಸಿದ್ದು ಅವರಲ್ಲ. ಕೇಳದೆ ತೀರ್ಮಾನಿಸುವ ಪದ್ಧತಿ. ಆ ಪದ್ಧತಿ ಬದಲಾಗುವವರೆಗೆ ನಮಗೆ ಸಿಕ್ಕ ಸ್ಪಷ್ಟನೆ ಅರ್ಧ ಮಾತ್ರ. ಕೋಲಾರದಲ್ಲಿ ಇಡುವುದಿಲ್ಲ ಎಂದು ಅದರಲ್ಲಿತ್ತು. ಎಲ್ಲಿ ಇಡುತ್ತೇವೆ, ಯಾರನ್ನು ಕೇಳಿ ಇಡುತ್ತೇವೆ ಎಂಬುದು ಇರಲಿಲ್ಲ. ಉಳಿದ ಅರ್ಧವನ್ನು ಇಡಿಂತಕರೈನ ಜನ ಕೇಳುತ್ತಿದ್ದಾರೆ. ಅವರ ಜೊತೆ ನಿಂತು ಅದನ್ನು ಕೇಳುವುದು ಕೋಲಾರದವರ ಮೇಲಿರುವ ಋಣ.